ಅರ್ಬನ್ ಡಿಸೈನ್ ಓದೋಕೆ ಎಲ್ಲಿಗೆ ಹೋಗೋದು? ಮಲೆನಾಡಿನಿಂದ ಹೊರಟವರಿಗೆ ಒಂದು ಹೋಲಿಕೆ

“ಮನೆ ಕಟ್ಟೋದು ಕಲಿಯೋಕೆ ಐದು ವರ್ಷ ತಗೊಂಡೆ. ಈಗ ಊರು ಕಟ್ಟೋದು ಕಲಿಯೋಕೆ ಇನ್ನೆರಡು ವರ್ಷನಾ?”

ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಅಪ್ಪಯ್ಯ ಕೇಳಿದ ಪ್ರಶ್ನೆ ಇದು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ ಮುಗಿಸಿ ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿ ಎರಡು ವರ್ಷದಿಂದ ಮನೆ ಪ್ಲಾನು ಬರೆಯುತ್ತಿದ್ದೆ. ತರ್ಟಿ-ಫಾರ್ಟಿ ಸೈಟು, ವಾಸ್ತು, ಕಾರು ನಿಲ್ಲಿಸೋಕೆ ಜಾಗ, ಮತ್ತೆ ಇನ್ನೊಂದು ತರ್ಟಿ-ಫಾರ್ಟಿ ಸೈಟು. ಕಾಂಪೌಂಡ್ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನನ್ನ ಕೆಲಸವೂ ಮುಗಿಯುತ್ತಿತ್ತು. ಆ ಗೋಡೆಯ ಆಚೆ ಚರಂಡಿ ಇದೆ, ಮರ ಇದೆ, ತಳ್ಳುಗಾಡಿ ಇದೆ, ಮಳೆಯಲ್ಲಿ ಕೊಡೆ ಹಿಡಿದು ಸಿಟಿ ಬಸ್ಸಿಗೆ ಕಾಯುವವರಿದ್ದಾರೆ. ಅದೆಲ್ಲ ಯಾರ ಕೆಲಸ? ಈ ಪ್ರಶ್ನೆ ನಿಮ್ಮನ್ನೂ ಕಾಡುತ್ತಿದ್ದರೆ ಮುಂದೆ ಓದಿ. ಸಂಬಳ ಜಾಸ್ತಿ ಆಗಲಿ ಅಂತ ಮಾತ್ರ ಹೊರಟಿದ್ದರೆ ಇದು ಒಳ್ಳೆ ದಾರಿ ಅಲ್ಲ, ಈಗಲೇ ಹೇಳಿಬಿಡುತ್ತೇನೆ.

ನನ್ನ ಅಭಿಪ್ರಾಯವನ್ನೂ ಮೊದಲೇ ಹೇಳುತ್ತೇನೆ, ಮುಂದೆ ನಾನು ಯಾವ ಕಡೆ ವಾಲುತ್ತೇನೆ ಅಂತ ಗೊತ್ತಿದ್ದರೆ ಒಳ್ಳೆಯದು. ಕಾಲೇಜಿನ ರ್‍ಯಾಂಕಿಂಗ್ ನೋಡಿ ಆರಿಸಬೇಡಿ. ಓದಿದ ಮೇಲೆ ಎಂಥ ಊರಿನ ಕೆಲಸ ಮಾಡುತ್ತೀರಿ ಅನ್ನೋದನ್ನು ನೋಡಿ ಆರಿಸಿ. ಮುಂಬೈ, ದುಬೈ ಥರದ ಊರುಗಳ ಕೆಲಸಕ್ಕೆ ಬೇಕಾಗುವ ತಯಾರಿ ಬೇರೆ. ಸಾಗರ, ತೀರ್ಥಹಳ್ಳಿ, ಶಿವಮೊಗ್ಗದಂಥ ಮಳೆ ಸುರಿಯುವ, ಇಳಿಜಾರಿನ, ದುಡ್ಡು ಕಮ್ಮಿ ಇರುವ ಊರುಗಳಿಗೆ ಬೇಕಾಗುವ ತಯಾರಿ ಬೇರೆ.

ಡಿಸೈನಾ, ಪ್ಲಾನಿಂಗಾ?

ಅರ್ಧ ಜನ ಎಡವುವುದು ಇಲ್ಲೇ. ಎರಡೂ ಒಂದೇ ಅಂತ ತಿಳಿದು ಅರ್ಜಿ ಹಾಕುತ್ತಾರೆ, ಎರಡನೇ ಸೆಮಿಸ್ಟರ್‌ನಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಶಿವಮೊಗ್ಗದ ಸವಳಂಗ ರಸ್ತೆಯನ್ನೇ ತೆಗೆದುಕೊಳ್ಳಿ. ಸೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಮಾಡುವ ಮಾಸ್ಟರ್ ಪ್ಲಾನಿನಲ್ಲಿ ಆ ರಸ್ತೆಯ ಅಕ್ಕಪಕ್ಕ ಬಣ್ಣಗಳಿರುತ್ತವೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಪಾರ್ಕಿಗೆ ಹಸಿರು. ಎಲ್ಲಿ ಏನು ಬರಬಹುದು, ರಸ್ತೆ ಎಷ್ಟು ಅಗಲ ಇರಬೇಕು, ಇಪ್ಪತ್ತು ವರ್ಷದಲ್ಲಿ ಜನ ಎಷ್ಟಾಗುತ್ತಾರೆ, ಅವರಿಗೆ ನೀರು ಎಲ್ಲಿಂದ ತರೋದು, ಇದೆಲ್ಲ ಪ್ಲಾನಿಂಗ್. ಇದರ ಹಿಂದೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅಂಕಿ-ಅಂಶ, ಕಾನೂನು, ವರದಿ, ಸಭೆ. ಡ್ರಾಯಿಂಗ್ ಕಮ್ಮಿ.

ಅದೇ ರಸ್ತೆಯಲ್ಲಿ ಫುಟ್‌ಪಾತು ಅಂಗಡಿ ಮೆಟ್ಟಿಲಿಗೆ ಹೇಗೆ ಸೇರಬೇಕು, ಬಸ್ ಸ್ಟಾಪಿನ ಮಾಡು ಎಷ್ಟು ಮುಂದೆ ಚಾಚಿದರೆ ಕೂತವರಿಗೆ ಇರಚಲು ಹೊಡೆಯುವುದಿಲ್ಲ, ಹಣ್ಣಿನ ಗಾಡಿಗಳು ಎಲ್ಲಿ ನಿಂತರೆ ನಡೆಯುವವರಿಗೂ ದಾರಿ ಉಳಿದು ಅವರಿಗೂ ವ್ಯಾಪಾರ ಆಗುತ್ತದೆ, ಎರಡು ಕಟ್ಟಡಗಳ ನಡುವಿನ ಸಂದಿ ಕಸದ ಗುಂಡಿ ಆಗದೆ ಓಡಾಡುವ ಓಣಿ ಆಗೋದು ಹೇಗೆ, ಇದು ಅರ್ಬನ್ ಡಿಸೈನ್. ಶಿವಮೊಗ್ಗದ ಕನ್ಸರ್ವೆನ್ಸಿಗಳನ್ನು, ಅಂದರೆ ಮನೆಗಳ ಹಿಂದಿನ ಓಣಿಗಳನ್ನು, ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸರಿಮಾಡಲು ಕೈ ಹಾಕಿದರಲ್ಲ, ಅದು ಸರಿ ಆಗಿದೆಯೋ ಇಲ್ಲವೋ ಅನ್ನೋದು ಬೇರೆ ಚರ್ಚೆ. ಆದರೆ ಆ ಕೆಲಸದ ಜಾತಿ ಇದು. ಇಲ್ಲಿ ಕೈ ಕೆಲಸ ಜಾಸ್ತಿ. ದಿನಗಟ್ಟಲೆ ಸೆಕ್ಷನ್ (ಅಡ್ಡ ಕತ್ತರಿಸಿ ನೋಡಿದಂಥ ನಕ್ಷೆ) ಬರೆಯೋದು, ಮಾಡೆಲ್ ಮಾಡೋದು, ಬೀದಿಯಲ್ಲಿ ಟೇಪು ಹಿಡಿದು ನಿಲ್ಲೋದು.

ಯಾರು ಸೇರಬಹುದು ಅನ್ನೋದರಲ್ಲೂ ವ್ಯತ್ಯಾಸ ಇದೆ. ಪ್ಲಾನಿಂಗಿಗೆ ಸಿವಿಲ್ ಎಂಜಿನಿಯರಿಂಗ್, ಭೂಗೋಳ, ಅರ್ಥಶಾಸ್ತ್ರ ಓದಿದವರೂ ಹಲವು ಕಡೆ ಸೇರಬಹುದು. ಅರ್ಬನ್ ಡಿಸೈನ್ ಹೆಚ್ಚಾಗಿ ಬಿ.ಆರ್ಕ್ ಆದವರಿಗೆ. ಸರ್ಕಾರಿ ನಗರ ಯೋಜನಾ ಇಲಾಖೆಯ ಹುದ್ದೆ ಮೇಲೆ ಕಣ್ಣಿದ್ದರೆ, ಅಥವಾ ನಗರ ಯೋಜಕರ ಸಂಸ್ಥೆ ಐಟಿಪಿಐನ ಸದಸ್ಯತ್ವ ಬೇಕಿದ್ದರೆ, ಪ್ಲಾನಿಂಗ್ ಪದವಿ ಸುಲಭದ ದಾರಿ. ಹಳೆಯ ನೇಮಕಾತಿ ಅಧಿಸೂಚನೆ ಒಂದೆರಡು ತೆಗೆದು, ವಿದ್ಯಾರ್ಹತೆಯ ಸಾಲನ್ನು ಅಕ್ಷರ ಅಕ್ಷರ ಓದಿ. “ತತ್ಸಮಾನ” ಅನ್ನುವ ಪದ ನಂಬಿ ಎರಡು ವರ್ಷ ಕಳೆಯಬೇಡಿ.

ಮೂರನೆಯದೊಂದು ಇದೆ, ನಮ್ಮ ಕಡೆಯವರು ಅದರ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂದರೆ ಗಾರ್ಡನ್ ಮಾಡೋದು ಅಂದುಕೊಳ್ಳುತ್ತಾರೆ. ಕೆರೆ, ಹೊಳೆ, ಗುಡ್ಡ ಕುಸಿತ, ಮಳೆನೀರು ಹರಿಯುವ ದಾರಿ, ಇವು ನಿಮ್ಮ ತಲೆ ಕೆಡಿಸುವ ವಿಷಯಗಳಾಗಿದ್ದರೆ ಅದನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಮಲೆನಾಡಿಗೆ ಅರ್ಬನ್ ಡಿಸೈನರ್‌ಗಿಂತ ಲ್ಯಾಂಡ್‌ಸ್ಕೇಪ್ ಓದಿದವರೇ ಜಾಸ್ತಿ ಬೇಕೇನೋ ಅಂತ ನನಗೆ ಆಗಾಗ ಅನ್ನಿಸಿದೆ.

ದೇಶದ ಒಳಗೆ

ಬೆಂಗಳೂರಿನಿಂದ ಶುರು ಮಾಡೋಣ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿ ಬರುವ ಎಂ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಸ್ನಾತಕೋತ್ತರ ಸೀಟುಗಳಿಗೆ ರಾಜ್ಯ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ದಾರಿ ಇದೆ. ಇದರ ದೊಡ್ಡ ಲಾಭ ಮನೆಗೆ ಹತ್ತಿರ ಇರೋದಲ್ಲ, ಬೆಂಗಳೂರಿನ ಆಫೀಸುಗಳಿಗೆ ಹತ್ತಿರ ಇರೋದು. ಓದುವಾಗಲೇ ಒಳ್ಳೆಯವರ ಹತ್ತಿರ ಅರ್ಧ ದಿನ ಕೆಲಸ ಹಿಡಿಯಬಹುದು. ಚರ್ಚ್ ಸ್ಟ್ರೀಟ್ ಹೇಗೆ ಬದಲಾಯಿತು, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಪೈಪು, ಕೇಬಲ್ಲು, ಫುಟ್‌ಪಾತು ಹೇಗೆ ಒಟ್ಟಿಗೆ ಕೂತವು, ಇದನ್ನೆಲ್ಲ ನಡೆದು ನೋಡಬಹುದು. ಕಷ್ಟ ಏನೆಂದರೆ ಕಾಲೇಜಿನಿಂದ ಕಾಲೇಜಿಗೆ ಗುಣಮಟ್ಟದಲ್ಲಿ ಅಜಗಜಾಂತರ. ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಆ ಕಾಲೇಜಿನ ಕೊನೆಯ ವರ್ಷದ ಜ್ಯೂರಿ ದಿನ (ವಿದ್ಯಾರ್ಥಿಗಳ ಕೆಲಸವನ್ನು ಗೋಡೆಗೆ ಹಾಕಿ ಪರೀಕ್ಷಿಸುವ ದಿನ) ಹೋಗಿ ಹಿಂದಿನ ಸಾಲಿನಲ್ಲಿ ಕೂತುಬಿಡಿ. ಒಂದು ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ. ಗೋಡೆ ಮೇಲೆ ಬರೀ ಕಂಪ್ಯೂಟರಿನಲ್ಲಿ ಮಾಡಿದ ಹೊಳೆಯುವ ಟವರ್‌ಗಳಿದ್ದು, ಒಂದರಲ್ಲೂ ಚರಂಡಿ ತೋರಿಸಿಲ್ಲ ಅಂದರೆ ಎದ್ದು ಬನ್ನಿ.

ಪ್ಲಾನಿಂಗ್ ಆದರೆ ಮೈಸೂರು ವಿಶ್ವವಿದ್ಯಾಲಯವೂ ಇದೆ. ನಗರ ಮತ್ತು ಪ್ರಾದೇಶಿಕ ಯೋಜನೆಯನ್ನು ಅಲ್ಲಿ ಬಹಳ ಕಾಲದಿಂದ ಕಲಿಸುತ್ತಿದ್ದಾರೆ.

ದೆಹಲಿ ಎಸ್‌ಪಿಎ. 1941ರಲ್ಲಿ ದೆಹಲಿ ಪಾಲಿಟೆಕ್ನಿಕ್‌ನ ಒಂದು ವಿಭಾಗವಾಗಿ ಹುಟ್ಟಿ, 1959ರಲ್ಲಿ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಆಯಿತು. ದೇಶದಲ್ಲಿ ಅರ್ಬನ್ ಡಿಸೈನನ್ನು ಮೊದಲು ಕಲಿಸಿದವರ ಸಾಲಿನಲ್ಲಿ ಇದು ಬರುತ್ತದೆ. ಕೇಂದ್ರದ ಸಂಸ್ಥೆಯಾದ್ದರಿಂದ ಶುಲ್ಕ ಖಾಸಗಿಗಿಂತ ಬಹಳ ಕಮ್ಮಿ. ದೆಹಲಿಯಂಥ ಊರು ಪ್ರಯೋಗಶಾಲೆಯಾಗಿ ಸಿಗುತ್ತದೆ. ಮೊಘಲರ ಶಹಜಹಾನಾಬಾದ್, ಬ್ರಿಟಿಷರ ನವದೆಹಲಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಕಾಲೊನಿಗಳು, ಎಲ್ಲ ಒಂದೇ ಮೆಟ್ರೊ ಟಿಕೆಟ್ಟಿನಲ್ಲಿ. ಸರ್ಕಾರದ ಜೊತೆ ಕೆಲಸ ಮಾಡುವ ದೊಡ್ಡ ಕನ್ಸಲ್ಟೆಂಟುಗಳಲ್ಲೂ ಅಲ್ಲಿ ಓದಿದವರು ತುಂಬಾ ಇದ್ದಾರೆ, ಆ ಬಳಗ ಕೆಲಸಕ್ಕೆ ಬರುತ್ತದೆ. ಚಳಿಗಾಲದ ಗಾಳಿ ಬಗ್ಗೆ ಬೇರೆ ಹೇಳಬೇಕಾ? ಆಗುಂಬೆ ಗಾಳಿ ಕುಡಿದು ಬೆಳೆದವರಿಗೆ ನವೆಂಬರ್ ತಿಂಗಳು ನಿಜವಾಗಿ ಕಷ್ಟ.

ಭೋಪಾಲ್ ಎಸ್‌ಪಿಎ 2008ರಲ್ಲಿ ಶುರುವಾಗಿದ್ದು. ಜನ ಇದನ್ನು ದೆಹಲಿ ಸಿಗದಿದ್ದರೆ ಅಂತ ಎರಡನೇ ಸಾಲಿಗೆ ಹಾಕುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಭೋಪಾಲ್ ಗುಡ್ಡ ಮತ್ತು ಕೆರೆಗಳ ಊರು. ಇಳಿಜಾರಿನ ಮೇಲೆ ಊರು ಹೇಗೆ ಕೂರುತ್ತದೆ, ಕೆರೆಯ ದಂಡೆಯನ್ನು ಎಷ್ಟು ಬಿಡಬೇಕು, ಎಷ್ಟು ಮುಟ್ಟಬೇಕು, ಈ ಪ್ರಶ್ನೆಗಳು ಅಲ್ಲಿ ಹಾಸ್ಟೆಲಿನ ಕಿಟಕಿ ತೆಗೆದರೆ ಕಾಣುತ್ತವೆ. ನಮ್ಮ ಊರುಗಳಿಗೆ ದೆಹಲಿಗಿಂತ ಅದು ಹತ್ತಿರದ ಪಾಠ.

ಎಸ್‌ಪಿಎಗಳಿಗೆ ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್, 65 ಪ್ರಶ್ನೆ, 100 ಅಂಕ, 3 ಗಂಟೆ. ಅದರಲ್ಲಿ 15 ಅಂಕ ಜನರಲ್ ಆಪ್ಟಿಟ್ಯೂಡ್‌ಗೆ, ಅದನ್ನು ಯಾರೂ ಓದುವುದಿಲ್ಲ, ಆಮೇಲೆ ಅಳುತ್ತಾರೆ. ಸ್ಕೋರು 3 ವರ್ಷ ನಡೆಯುತ್ತದೆ. ಹಾಗಾಗಿ ಬಿ.ಆರ್ಕ್ ಕೊನೆಯ ವರ್ಷದಲ್ಲೇ ಒಮ್ಮೆ ಬರೆದಿಟ್ಟುಕೊಂಡು ಎರಡು ವರ್ಷ ಕೆಲಸ ಮಾಡಿ ಹೋಗಬಹುದು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಕೊಡುವ ವ್ಯವಸ್ಥೆ ಇದೆ. ಆದರೆ ನಿಮ್ಮ ಕೋರ್ಸಿಗೆ, ನಿಮ್ಮ ಸೀಟಿಗೆ ಅದು ಅನ್ವಯ ಆಗುತ್ತದಾ ಅಂತ ಸಂಸ್ಥೆಗೆ ಬರೆದು ಕೇಳಿ, ಉತ್ತರ ಬರಹದಲ್ಲೇ ಇಟ್ಟುಕೊಳ್ಳಿ. ಆ ದುಡ್ಡಿನಲ್ಲಿ ಮೆಸ್ ಬಿಲ್ಲು ಆರಾಮಾಗಿ ಕಟ್ಟಬಹುದು.

ಇನ್ನು ಅಹಮದಾಬಾದಿನ ಸೆಪ್ಟ್. 1962ರಲ್ಲಿ ಬಿ.ವಿ. ದೋಶಿ ಶುರು ಮಾಡಿದ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಬೆಳೆದು ಆದ ವಿಶ್ವವಿದ್ಯಾಲಯ. ದೋಶಿ ಅಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ವಿನ್ಯಾಸ ಮಾಡಿದವರೇ. ಇಲ್ಲಿ ಎಲ್ಲವೂ ಸ್ಟುಡಿಯೊ, ಅಂದರೆ ಡಿಸೈನ್ ಮಾಡುತ್ತಲೇ ಕಲಿಯುವ ತರಗತಿಯ ಸುತ್ತ ತಿರುಗುತ್ತದೆ. ಪ್ರತಿ ಸೆಮಿಸ್ಟರ್ ಹಲವು ಸ್ಟುಡಿಯೊಗಳಿರುತ್ತವೆ, ಬೇರೆ ಬೇರೆ ಗುರುಗಳು, ಬೇರೆ ಬೇರೆ ಊರು, ನೀವು ಆಯ್ಕೆಯ ಪಟ್ಟಿ ಕೊಡಬೇಕು. ನಿಮ್ಮ ಅನುಭವ ನೀವು ಯಾವ ಸ್ಟುಡಿಯೊಗೆ ಬಿದ್ದಿರಿ ಅನ್ನೋದರ ಮೇಲೆ ನಿಂತಿದೆ. ಒಳ್ಳೆಯದು ಸಿಕ್ಕರೆ ದೇಶದಲ್ಲಿ ಅದಕ್ಕೆ ಸಾಟಿ ಇಲ್ಲ. ಅರ್ಜಿಯಲ್ಲಿ ಪೋರ್ಟ್‌ಫೋಲಿಯೊಗೆ (ನೀವು ಮಾಡಿದ ಕೆಲಸಗಳ ಸಂಗ್ರಹ) ತೂಕ ಜಾಸ್ತಿ, ಗೇಟ್ ಗಣಿತದಲ್ಲಿ ಮುಗ್ಗರಿಸುವವರಿಗೆ ಇದು ಸಮಾಧಾನದ ವಿಷಯ. ಶುಲ್ಕ ಮಾತ್ರ ಎಸ್‌ಪಿಎಗಿಂತ ಹಲವು ಪಟ್ಟು.

ಅಹಮದಾಬಾದಿಗೆ ಹೋದರೆ ಸಾಬರಮತಿ ರಿವರ್‌ಫ್ರಂಟ್ ನೋಡದೆ ಬರಬೇಡಿ. ನೋಡಿ ಮನೆಗೆ ಬಂದು ನಮ್ಮ ತುಂಗೆಯ ದಂಡೆಗೂ ಒಮ್ಮೆ ಹೋಗಿ. ಸಾಬರಮತಿಯಲ್ಲಿ ಊರಿನ ಒಳಗೆ ವರ್ಷವಿಡೀ ಕಾಣುವ ನೀರು ನರ್ಮದಾ ಕಾಲುವೆಯಿಂದ ಬಂದಿದ್ದು. ಎರಡೂ ಕಡೆ ನೆಟ್ಟಗೆ ಕಾಂಕ್ರೀಟ್ ಗೋಡೆ. ತುಂಗೆ ಹಾಗಲ್ಲ. ಬೇಸಗೆಯಲ್ಲಿ ಬಂಡೆ ತೋರಿಸುತ್ತಾಳೆ, ಆಷಾಢದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿಸುತ್ತಾಳೆ, ಊರಿಗೆ ಊರೇ ಸೇತುವೆ ಮೇಲೆ ನಿಂತು “ಮಂಟಪ ಮುಳುಗ್ತಾ?” ಅಂತ ನೋಡುತ್ತದೆ. ಅಲ್ಲಿಯ ನಕ್ಷೆ ತಂದು ಇಲ್ಲಿ ಅಂಟಿಸೋಕೆ ಆಗಲ್ಲ. ಈ ವ್ಯತ್ಯಾಸವನ್ನು ಎರಡು ಪುಟದಲ್ಲಿ ಬರೆದು ತೋರಿಸಬಲ್ಲಿರಾದರೆ, ನಿಮ್ಮ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾಕೆ ಓದಬೇಕು ಅಂತ ಅರ್ಜಿ ಜೊತೆ ಕೊಡುವ ಬರಹ) ಅರ್ಧ ಬರೆದಾಯಿತು.

ಪದವಿಯ ಹೆಸರನ್ನೂ ನೋಡಿ. ಕೆಲವು ಕಡೆ ಎಂ.ಆರ್ಕ್, ಕೆಲವು ಕಡೆ ಮಾಸ್ಟರ್ ಆಫ್ ಅರ್ಬನ್ ಡಿಸೈನ್. ಮುಂದೆ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಆ ಪದವಿಯನ್ನು ಒಪ್ಪುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಸ್ವಂತ ಆಫೀಸು ನಡೆಸೋಕೆ ಮಾಸ್ಟರ್ಸ್ ಬೇಕಾಗಿಲ್ಲ, ಬಿ.ಆರ್ಕ್ ಮೇಲಿನ ನೋಂದಣಿ ಸಾಕು.

ಹೊರದೇಶ, ಮತ್ತು ಮನೆಯ ಕಾಗದಪತ್ರ

ಹೊರದೇಶದ ಮಾತು ಬಂದಾಗ ಎಲ್ಲರೂ ಮೊದಲು ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಕೂರುತ್ತಾರೆ. ಮಲೆನಾಡಿನವರು ಮೊದಲು ಬೀರುವಿನಲ್ಲಿರುವ ಮನೆಯ ಕಾಗದ ತೆಗೆಯಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ನನಗೆ ಇಂಗ್ಲೆಂಡಿನ ಒಂದು ಕೋರ್ಸಿಗೆ ಸೀಟು ಸಿಕ್ಕಿತ್ತು. ತೋಟ ಇದೆ, ಮನೆ ಇದೆ, ಸಾಲಕ್ಕೆ ಏನು ತೊಂದರೆ ಅಂದುಕೊಂಡಿದ್ದೆವು. ಬ್ಯಾಂಕಿನಲ್ಲಿ ಗೊತ್ತಾಯಿತು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ, ಕೃಷಿ ಜಮೀನನ್ನು ಅದಕ್ಕೆ ಹಿಡಿಯಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎಷ್ಟೇ ಫಸಲು ಬರುವ ತೋಟವಾದರೂ ಅಷ್ಟೇ. ಮನೆ ಗ್ರಾಮಠಾಣದಲ್ಲಿದೆ, ಅಜ್ಜನ ಹೆಸರಿನಲ್ಲೇ ಇದೆ, ಇ-ಸ್ವತ್ತು (ಪಂಚಾಯಿತಿಯ ಡಿಜಿಟಲ್ ಖಾತೆ) ಆಗಿಲ್ಲ. ನಮ್ಮದೊಂದೇ ಕಥೆಯಲ್ಲ ಇದು. ಬಗರ್‌ಹುಕುಂ ಅರ್ಜಿ ಬಾಕಿ ಇರುವವರು, ಸೊಪ್ಪಿನಬೆಟ್ಟ ಸೇರಿಸಿ ಲೆಕ್ಕ ಹಾಕಿದವರು, ಶರಾವತಿ ಹಿನ್ನೀರಿಗೆ ಊರು ಬಿಟ್ಟು ಬಂದು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುವ ಮನೆಯವರು, ಇವರಿಗೆಲ್ಲ ಆಸ್ತಿ ಇದೆ, ಬ್ಯಾಂಕಿಗೆ ಕಾಣುವ ಆಸ್ತಿ ಇಲ್ಲ. ನನ್ನ ಫೈಲು ಎರಡು ತಿಂಗಳು ಮೇಜಿಂದ ಮೇಜಿಗೆ ತಿರುಗಿ ವಾಪಸ್ ಬಂತು. ಅಷ್ಟರಲ್ಲಿ ಮುಂಗಡ ಕಟ್ಟುವ ದಿನ ದಾಟಿತ್ತು. ನಾನು ದೇಶದೊಳಗೇ ಓದಿದ್ದಕ್ಕೆ ಕಾರಣ ಯಾವ ಸಿದ್ಧಾಂತವೂ ಅಲ್ಲ, ಇದು.

ಹಾಗಾಗಿ ಅರ್ಜಿ ಹಾಕುವ ಒಂದು ವರ್ಷ ಮೊದಲೇ ಖಾತೆ ಬದಲಾವಣೆ, ಇ-ಸ್ವತ್ತು ಕೆಲಸ ಶುರು ಮಾಡಿ. ದೊಡ್ಡಪ್ಪ, ಚಿಕ್ಕಪ್ಪಂದಿರ ಸಹಿ ಬೇಕಾದರೆ ಗಣಪತಿ ಹಬ್ಬಕ್ಕೆ ಎಲ್ಲರೂ ಸೇರಿದಾಗಲೇ ಮಾತು ಎತ್ತಿ. ದೇಶದೊಳಗೆ ಓದುವವರಿಗೆ ಇನ್ನೊಂದು ದಾರಿ ಇದೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಿಗೆ ಅಡಮಾನ ಇಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ನಿಮ್ಮ ಸಂಸ್ಥೆ ಆ ವರ್ಷದ ಪಟ್ಟಿಯಲ್ಲಿದೆಯಾ ನೋಡಿ. ಹೊರದೇಶಕ್ಕೆ ಇದು ಇಲ್ಲ.

ಇನ್ನು ದೇಶಗಳ ಹೋಲಿಕೆ.

ಅಮೆರಿಕ ಈ ವಿಷಯದ ತವರುಮನೆ ಅಂತಲೇ ಹೇಳಬಹುದು. 1956ರಲ್ಲಿ ಹಾರ್ವರ್ಡ್‌ನಲ್ಲಿ ಹೊಸೆ ಲೂಯಿಸ್ ಸೆರ್ಟ್ ನಡೆಸಿದ ಸಮ್ಮೇಳನದಿಂದ ಅರ್ಬನ್ ಡಿಸೈನ್ ಅನ್ನುವ ಹೆಸರು ಗಟ್ಟಿಯಾಯಿತು. ಹಾರ್ವರ್ಡ್, ಕೊಲಂಬಿಯಾ, ಬರ್ಕ್ಲಿ, ಎಲ್ಲ ಕಡೆ ಒಳ್ಳೆಯ ಕೋರ್ಸುಗಳಿವೆ. ಕೊಲಂಬಿಯಾದ್ದು ಬೇಸಗೆಯಲ್ಲಿ ಶುರುವಾಗಿ ಮೂರು ಸೆಮಿಸ್ಟರಿಗೆ ಮುಗಿಯುತ್ತದೆ. ಆದರೆ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರ್ ದಾಟುತ್ತದೆ. ಓದಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು. ಕೋರ್ಸು ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ವಿಷಯಗಳ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರುತ್ತದೆ. ಒಂದೇ ವಿಷಯ ಒಂದು ಕಡೆ ಆ ಪಟ್ಟಿಯಲ್ಲಿ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ, ಅರ್ಜಿಗೆ ಮೊದಲೇ ಕೇಳಿ. ಆಮೇಲೆ ಕೆಲಸದ ವೀಸಾ ಎಚ್-1ಬಿಗೆ ಲಾಟರಿ. ಲಾಟರಿ ನಂಬಿ ಅಷ್ಟು ಸಾಲ ಮಾಡು ಅಂತ ನಾನು ನನ್ನ ತಂಗಿಗೆ ಹೇಳುವುದಿಲ್ಲ, ನಿಮಗೂ ಹೇಳಲ್ಲ. ದೊಡ್ಡ ಸ್ಕಾಲರ್‌ಶಿಪ್ ಸಿಕ್ಕರೆ ಮಾತು ಬೇರೆ, ಕಣ್ಣು ಮುಚ್ಚಿ ಹೋಗಿ.

ಇಂಗ್ಲೆಂಡ್ ಒಂದೇ ವರ್ಷ. ಅದೇ ಅದರ ಬಲ, ಅದೇ ಅದರ ದೋಷ. ಖರ್ಚು ಒಂದು ವರ್ಷದ್ದು, ಸರಿ. ಆದರೆ ಸೆಪ್ಟೆಂಬರಿನಲ್ಲಿ ಹೋಗಿ ಚಳಿಗೆ ಒಗ್ಗುವಷ್ಟರಲ್ಲಿ ಪ್ರಬಂಧದ ವಿಷಯ ಕೊಡಿ ಅನ್ನುತ್ತಾರೆ. ಓದಿನ ಹಿನ್ನೆಲೆ ಗಟ್ಟಿ ಇದ್ದು, ಏನು ಬೇಕು ಅಂತ ಸ್ಪಷ್ಟ ಇರುವವರಿಗೆ ಮಾತ್ರ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಬಾರ್ಟ್ಲೆಟ್ ಸ್ಕೂಲಿನ ಹೆಸರು ಎಲ್ಲರಿಗೂ ಗೊತ್ತು. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಬಗ್ಗೆ ಕಮ್ಮಿ ಜನ ಮಾತಾಡುತ್ತಾರೆ. ಬೀದಿ, ಓಡಾಟ, ಜನರ ಅನುಕೂಲ ಇಟ್ಟುಕೊಂಡು ಯೋಚಿಸುವ ಪರಂಪರೆ ಅಲ್ಲಿ ಹಳೆಯದು. ಓದಿದ ನಂತರದ ಗ್ರ್ಯಾಜುಯೇಟ್ ವೀಸಾ 2 ವರ್ಷ ಇದ್ದದ್ದು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಲೆಕ್ಕ ಹಾಕುವಾಗ ಹಳೆಯ ಅಂಕಿ ಹಿಡಿಯಬೇಡಿ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಓದಿದ ಮೇಲೆ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಬೇಕು. ಊರಿಗೆ ಬರುವ ಮನಸ್ಸಿರುವವರಿಗೆ ಇದು ಷರತ್ತೇ ಅಲ್ಲ, ಅಲ್ವಾ?

ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ನನ್ನ ಪ್ರಕಾರ ನಮ್ಮ ಕಡೆಯವರಿಗೆ ಹೊರದೇಶದಲ್ಲೇ ಹೆಚ್ಚು ಹೊಂದುವ ಜಾಗ. ಎರಡು ವರ್ಷದ ಕೋರ್ಸು, ಅರ್ಬನಿಸಂ ಅಂತ ಹೆಸರು. ಡಿಸೈನ್, ಪ್ಲಾನಿಂಗ್, ಲ್ಯಾಂಡ್‌ಸ್ಕೇಪ್ ನಡುವೆ ನಮ್ಮ ಹಾಗೆ ಗೋಡೆ ಕಟ್ಟಿಕೊಂಡಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಜೊತೆ ಹೇಗೆ ಬಾಳೋದು ಅನ್ನೋದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಅಲ್ಲಿ “ನದಿಗೆ ಜಾಗ ಕೊಡಿ” ಅನ್ನುವ ಅರ್ಥದ ಒಂದು ಸರ್ಕಾರಿ ಯೋಜನೆ ನಡೆಯಿತು. ದಂಡೆಯ ಏರಿ ಎತ್ತರ ಮಾಡುತ್ತಾ ಹೋಗುವ ಬದಲು 30ಕ್ಕೂ ಹೆಚ್ಚು ಕಡೆ ನದಿಗೇ ಹರಡಲು ಜಾಗ ಬಿಟ್ಟರು. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಇದು ಎಲ್ಲೋ ದೂರದ ವಿಷಯ ಅನ್ನಿಸುವುದಿಲ್ಲ. ಯುರೋಪಿನ ಹೊರಗಿನವರಿಗೆ ಶುಲ್ಕ ವರ್ಷಕ್ಕೆ 20 ಸಾವಿರ ಯೂರೊ ಮೇಲೆ, ಖರ್ಚು ಬೇರೆ. ಪಕ್ಕದ ಬೆಲ್ಜಿಯಂನ ಲ್ಯೂವೆನ್‌ನಲ್ಲೂ ಇದೇ ಥರದ ಆಸಕ್ತಿಯ ಕೋರ್ಸುಗಳಿವೆ, ಅದನ್ನೂ ನೋಡಿ.

ಜರ್ಮನಿ ಅಂದರೆ ಫ್ರೀ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ವೀಸಾಗೆ ಮೊದಲು ಒಂದು ವರ್ಷದ ಖರ್ಚು, 11,904 ಯೂರೊ, ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಇಡಬೇಕು. ಈ ಮೊತ್ತ ಆಗಾಗ ಏರುತ್ತದೆ. 2022ರ ನವೆಂಬರ್‌ನಿಂದ ಭಾರತೀಯರಿಗೆ ಅಂಕಪಟ್ಟಿ ಅಸಲಿ ಅಂತ ತೋರಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಪಾಠ ಇಂಗ್ಲಿಷಿನಲ್ಲಿದ್ದರೂ ಸೈಟಿಗೆ ಹೋಗಿ ಬೀದಿಯ ಜನರನ್ನು ಮಾತಾಡಿಸದೆ ಅರ್ಬನ್ ಡಿಸೈನ್ ಆಗುವುದಿಲ್ಲ, ಅವರು ಜರ್ಮನ್ ಮಾತಾಡುತ್ತಾರೆ. ಭಾಷೆ ಕಲಿಯುವ ಹಟ ಇದ್ದರೆ ಹೋಗಿ.

ದುಡ್ಡಿನ ಸಹಾಯಕ್ಕೆ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಎಲ್ಲರಿಗೂ ತೆರೆದಿರುವುದು ಜೆ.ಎನ್. ಟಾಟಾ ಎಂಡೋಮೆಂಟ್, 1892ರಿಂದ ನಡೆಯುತ್ತಿದೆ. ಅದು ದಾನವಲ್ಲ, ತೀರಿಸಬೇಕಾದ ಸಾಲ. ಮತ್ತೆ, ಫ್ರೀ ಸಲಹೆ ಅಂತ ಬೋರ್ಡು ಹಾಕಿದ ಏಜೆಂಟರ ಹತ್ತಿರ ಹೋದರೆ ಒಂದು ಪ್ರಶ್ನೆ ಕೇಳಿ: ನಿಮಗೆ ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಒಂದು ಹೇಳಿ. ನನಗೆ ಸಿಕ್ಕವರು ಕಾಫಿ ತರಿಸಿದರು, ಹೆಸರು ಹೇಳಲಿಲ್ಲ.

ಈಗಲೇನಾ, ಕೆಲಸ ಮಾಡಿನಾ?

ಕೆಲಸ ಮಾಡಿ ಹೋಗಿ. ಎರಡು ವರ್ಷ ಸಾಕು. ಐದು ವರ್ಷ ಆದರೆ ಮದುವೆ, ಇಎಂಐ ಎಲ್ಲ ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ಒಂದು ಚರಂಡಿಯ ಟೆಂಡರು, ಒಂದು ವಾರ್ಡ್ ಸಭೆ ಹತ್ತಿರದಿಂದ ನೋಡಿದವರು ಸ್ಟುಡಿಯೊದಲ್ಲಿ ಬೇರೆ ಥರ ಮಾತಾಡುತ್ತಾರೆ.

ಪೋರ್ಟ್‌ಫೋಲಿಯೊ

ಎಲ್ಲಿಗೇ ಹೋಗಿ, ಇದು ಬೇಕು. ಇಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲ ಇದೆ, ನಾವೇ ಅದನ್ನು ಬಳಸುವುದಿಲ್ಲ. ಬೆಂಗಳೂರಿನ ಕಾಲೇಜಿನಲ್ಲಿ ಓದಿದ ಎಲ್ಲರೂ ಕೆ.ಆರ್. ಮಾರ್ಕೆಟ್ ಮಾಡಿರುತ್ತಾರೆ. ಅದೇ ಡ್ರೋನ್ ಫೋಟೊ, ಅದೇ ಹೂವಿನ ರಾಶಿ. ನೀವೂ ಅದನ್ನೇ ಕಳಿಸಬೇಕಾ?

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಒಂದೆರಡು ವಾರದ ಮಟ್ಟಿಗೆ ಪೇಟೆಯ ರೂಪವೇ ಬದಲಾಗುತ್ತದೆ. ವಾಹನ ಓಡುವ ರಸ್ತೆ ನಡೆಯುವ ರಸ್ತೆಯಾಗುತ್ತದೆ, ಖಾಲಿ ಜಾಗದಲ್ಲಿ ತೊಟ್ಟಿಲು ಏಳುತ್ತದೆ, ಜಗಲಿಗಳೆಲ್ಲ ಅಂಗಡಿ ಆಗುತ್ತವೆ. ಆಮೇಲೆ ಎಲ್ಲ ಮಾಯ. ಜಾತ್ರೆಗೆ ಮೊದಲು, ಜಾತ್ರೆಯ ದಿನ, ಜಾತ್ರೆ ಮುಗಿದ ಮೇಲೆ ಅಂತ ಒಂದೇ ಬೀದಿಯ ಮೂರು ನಕ್ಷೆ ಬರೆದರೆ ಅದಕ್ಕಿಂತ ಒಳ್ಳೆಯ ಅರ್ಬನ್ ಡಿಸೈನ್ ಅಧ್ಯಯನ ಯಾವುದಿದೆ? ಜಾತ್ರೆಗೆ ಕಾಯೋಕೆ ಆಗದಿದ್ದರೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಪ್ರತಿ ವರ್ಷ ಇದೆ. ಅದೂ ಬೇಡ ಅಂದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಒಂದೇ ಕಡೆ ನಿಂತು ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ಗುರುತು ಹಾಕಿ. ಆಮೇಲೆ ಆರಿದ್ರಾ ಮಳೆಯ ಒಂದು ದಿನ ಅದೇ ಜಾಗಕ್ಕೆ ಮತ್ತೆ ಹೋಗಿ. ಜನ ಎಲ್ಲಿ ಸರಿದು ನಿಂತರು, ಯಾವ ಅಂಗಡಿಯ ಸೂರು ಎಷ್ಟು ಜನರನ್ನು ಕಾಪಾಡಿತು ಅಂತ ಅಳತೆ ಸಮೇತ ಬರೆಯಿರಿ. ಫೋನು ಪ್ಲಾಸ್ಟಿಕ್ ಕವರಿನಲ್ಲಿರಲಿ.

ಬಿ.ಆರ್ಕ್‌ನ ಹತ್ತು ಸೆಮಿಸ್ಟರಿನ ಕೆಲಸವನ್ನೂ ತುಂಬಬೇಡಿ. ನಾಲ್ಕು ಕೆಲಸ ಸಾಕು, ಅದರಲ್ಲಿ ಎರಡಾದರೂ ಬೀದಿಯವು. ಕಟ್ಟಡ ತೋರಿಸಿದರೆ ಅದರ ಸುತ್ತಲಿನ ನೂರು ಮೀಟರ್ ಕೂಡ ತೋರಿಸಿ. ಗುಂಪಿನಲ್ಲಿ ಮಾಡಿದ್ದರೆ ನೀವು ಮಾಡಿದ್ದು ಯಾವುದು ಅಂತ ಬರೆಯಿರಿ, ಸುಳ್ಳು ಹೇಳಿದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಪುಟದ ಮಿತಿ, ಎಂಬಿ ಮಿತಿ ಪ್ರತಿ ಕಡೆ ಬೇರೆ. ಸ್ಟೇಟ್‌ಮೆಂಟ್‌ನಲ್ಲಿ “ಚಿಕ್ಕಂದಿನಿಂದಲೂ ನನಗೆ ನಗರಗಳೆಂದರೆ” ಅಂತ ಶುರು ಮಾಡಬೇಡಿ. ನಾವು ಚಿಕ್ಕಂದಿನಲ್ಲಿ ನಗರ ನೋಡಿದ್ದು ವರ್ಷಕ್ಕೆ ಒಂದು ಸಲ, ಬಟ್ಟೆ ತರೋಕೆ ಹೋದಾಗ. ಒಂದು ಬೀದಿ, ಒಂದು ತೊಂದರೆ, ನೀವು ನೋಡಿದ್ದು, ನಿಮಗೆ ಗೊತ್ತಾಗದೆ ಉಳಿದದ್ದು. ಅಷ್ಟು ಬರೆಯಿರಿ. ಶಿಫಾರಸು ಪತ್ರ ದೊಡ್ಡ ಹೆಸರಿನವರಿಂದ ಬೇಡ, ನಿಮ್ಮ ಕೆಲಸ ನೋಡಿದವರಿಂದ ಬೇಕು. ಒಂದು ತಿಂಗಳು ಮುಂಚೆ ಕೇಳಿ, ಎರಡು ಸಲ ನೆನಪಿಸಿ.

ಹೆಸರಿನ ವಿಷಯ ಮರೆತಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ಲು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಇನ್ನೊಂದು. ನಮ್ಮಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ, ಅವರ ಫಾರಂ ಅದಿಲ್ಲದೆ ಮುಂದೆ ಹೋಗಲ್ಲ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ, ಪರೀಕ್ಷೆಗೆ ಪಾಸ್‌ಪೋರ್ಟಿನ ಹೆಸರನ್ನೇ ಕೊಡಿ. ಆ ಸ್ಕೋರು 2 ವರ್ಷ ಮಾತ್ರ ನಡೆಯುತ್ತದೆ.

ಕೊನೆಗೆ ದಿನಗಳು. ಗೇಟ್ ಅರ್ಜಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ. ಅಮೆರಿಕದ ಅರ್ಜಿಗಳು ಡಿಸೆಂಬರ್-ಜನವರಿಗೆ ಮುಗಿಯುತ್ತವೆ. ಅಂದರೆ ಸರಿಯಾಗಿ ನಮ್ಮ ಅಡಿಕೆ ಕೊಯ್ಲಿನ ಕಾಲ. ಸೆಪ್ಟೆಂಬರ್ ಒಳಗೆ ಪೋರ್ಟ್‌ಫೋಲಿಯೊ ಮುಗಿಸಿಬಿಡಿ. ಕೊನೆಗಾರ ಮರ ಹತ್ತಿದ ಮೇಲೆ ಮನೆಯಲ್ಲಿ ಯಾರೂ ನಿಮ್ಮನ್ನು ಲ್ಯಾಪ್‌ಟಾಪ್ ಮುಂದೆ ಕೂರೋಕೆ ಬಿಡಲ್ಲ.